ಗೆಳೆಯನಿಗೊಂದು ಪತ್ರ: ಬೀಗವಿಲ್ಲದ ಮನೆಯಲ್ಲಿ ಒಂದು ರಾತ್ರಿ

ಪ್ರೀತಿಯ ಗೆಳೆಯಾ,

"ಕಾಡಿನ ನಡುವೆ ಮನೆ ಕಟ್ಟಿ ಬೀಗ ಹಾಕದೆ ಬಿಟ್ಟರೆ ಅದನ್ನು ನೋಡಿಕೊಳ್ಳೋರು ಯಾರು ಮಾರಾಯಾ?" ಅಂತ ನೀನು ಕೇಳಿದ್ದೆ. ಕುಮಟಾದಿಂದ ಗೋಕರ್ಣದವರೆಗೆ ದಂಡೆಗುಂಟ ನಡೆಯುವವರಿಗೆ ನಿಮ್ಮೂರ ಹತ್ತಿರ ರಾತ್ರಿ ತಂಗಲು ಒಂದು ಸೂರು ಮಾಡಬೇಕು ಅನ್ನುವ ನಿನ್ನ ಯೋಚನೆಯೂ ಆ ಪ್ರಶ್ನೆಯ ಬೆನ್ನಿಗೇ ಇತ್ತು. ಫೋನಿನಲ್ಲಿ ಎರಡು ಮಾತಾಡಿ ಮುಗಿಸುವ ವಿಷಯ ಇದಲ್ಲ ಅನಿಸಿ ಉತ್ತರ ತಡಮಾಡಿದೆ. ಅಷ್ಟರಲ್ಲಿ ಮಾರ್ಚಿನಲ್ಲಿ ಮಗಳನ್ನು ಕರೆದುಕೊಂಡು ರಕಿಯುರಾ ದ್ವೀಪಕ್ಕೆ ಹೋಗಿ ಅಂಥದೇ ಒಂದು ಮನೆಯಲ್ಲಿ ರಾತ್ರಿ ಕಳೆದು ಬಂದೆ. ಅದನ್ನೇ ಬರೆಯುತ್ತೇನೆ. ನಿನ್ನ ಹಾಗೆ ಯೋಚಿಸುವ ಇನ್ನೂ ನಾಲ್ಕು ಜನ ಓದಲಿ ಅಂತ ಎಲ್ಲರಿಗೂ ಕಾಣುವಂತೆ ಹಾಕುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ.

ರಕಿಯುರಾ ಅಂದರೆ ಸ್ಟೀವರ್ಟ್ ದ್ವೀಪ. ನ್ಯೂಜಿಲೆಂಡಿನ ಎರಡು ದೊಡ್ಡ ದ್ವೀಪಗಳನ್ನು ಭೂಪಟದಲ್ಲಿ ನೋಡಿರುತ್ತೀಯ, ಅವುಗಳ ಕೆಳಗೆ ಮೂರನೆಯದು ಇದು. ನಾವಿರುವ ಡನೀಡನ್‌ನಿಂದ ಬ್ಲಫ್ ಎಂಬ ಬಂದರಿಗೆ ಕಾರಿನಲ್ಲಿ ಸುಮಾರು ಮೂರು ಗಂಟೆ, ಅಲ್ಲಿಂದ ಫೋವೋ ಜಲಸಂಧಿ ದಾಟಲು ದೋಣಿಯಲ್ಲಿ ಒಂದು ಗಂಟೆ. ಜಲಸಂಧಿಯ ಅಗಲ 30 ಕಿಲೋಮೀಟರಿನಷ್ಟೇ ಆದರೂ ನೀರು ಅಲ್ಲಿ ಎಂದೂ ಸುಮ್ಮನಿರುವುದಿಲ್ಲ. ದೋಣಿಯ ಹಿಂದೆ ಆಲ್ಬಟ್ರಾಸ್ ಹಕ್ಕಿಗಳು ರೆಕ್ಕೆ ಬಡಿಯದೆಯೇ ತೇಲಿಕೊಂಡು ಬರುತ್ತಿದ್ದವು. ಮಗಳು ಹೊಟ್ಟೆ ತೊಳಸುವುದನ್ನೂ ಮರೆತು ಅವನ್ನೇ ನೋಡುತ್ತ ಕೂತಳು.

ದೋಣಿ ಮುಟ್ಟುವುದು ಓಬನ್ ಎಂಬ ಒಂದೇ ಒಂದು ಊರಿಗೆ. ಊರಿರುವ ಕೊಲ್ಲಿಯ ಹೆಸರು ಹಾಫ್‌ಮೂನ್ ಬೇ. ನಿಮ್ಮ ಗೋಕರ್ಣದ ಹಾಫ್‌ಮೂನ್ ಬೀಚು ನೆನಪಾಯಿತು. ಇಡೀ ದ್ವೀಪ ಸುಮಾರು 1,750 ಚದರ ಕಿಲೋಮೀಟರು, ಜನ 400ರ ಆಸುಪಾಸು. ಡಾಂಬರು, ಜಲ್ಲಿ ಎಲ್ಲ ಸೇರಿದರೂ ರಸ್ತೆ 30 ಕಿಲೋಮೀಟರಿಲ್ಲ. ಉಳಿದದ್ದೆಲ್ಲ ಕಾಡು. ದ್ವೀಪದ ಶೇಕಡಾ 85ರಷ್ಟು ಭಾಗ 2002ರಿಂದ ರಾಷ್ಟ್ರೀಯ ಉದ್ಯಾನ. ಆ ಕಾಡಿನ ಅಂಚಿನಲ್ಲಿ 32 ಕಿಲೋಮೀಟರಿನ ಒಂದು ಸುತ್ತುಹಾದಿ ಇದೆ, ರಕಿಯುರಾ ಟ್ರ್ಯಾಕ್ ಅಂತ. ಪೂರ್ತಿ ಸುತ್ತಲು ಎರಡು ರಾತ್ರಿ ಬೇಕು. ಮಗಳ ಶಾಲೆ, ನನ್ನ ಕೆಲಸ ಎರಡನ್ನೂ ನೋಡಿಕೊಂಡು ನಾವು ಚಾರಣಿಗರು ತಂಗುವ ಮೊದಲ ಹಟ್‌ವರೆಗೆ, ಅಂದರೆ ಪೋರ್ಟ್ ವಿಲಿಯಂವರೆಗೆ ನಡೆದು, ಅಲ್ಲೇ ಮಲಗಿ, ಮರುದಿನ ಅದೇ ದಾರಿಯಲ್ಲಿ ವಾಪಸಾದೆವು.

ಹಾದಿ ಶುರುವಾಗುವುದು ಲೀ ಬೇ ಎಂಬ ಪುಟ್ಟ ಕೊಲ್ಲಿಯಲ್ಲಿ. ಅಲ್ಲಿ ಹಡಗಿನ ಲಂಗರಿನ ಸರಪಳಿಯ ಆಕಾರದ ಭಾರೀ ಶಿಲ್ಪವೊಂದು ಕಾಡಿನಿಂದ ಹೊರಟು ಸಮುದ್ರದೊಳಗೆ ಇಳಿಯುತ್ತದೆ. ಅದರ ಇನ್ನೊಂದು ತುದಿ ಜಲಸಂಧಿಯ ಆಚೆ, ಬ್ಲಫ್‌ನ ದಂಡೆಯಲ್ಲಿದೆ. ಇಲ್ಲಿಯ ಮೂಲನಿವಾಸಿಗಳಾದ ಮಾವೊರಿಗಳ ಪುರಾಣದ ಪ್ರಕಾರ ದಕ್ಷಿಣ ದ್ವೀಪವೇ ಮಾವಿ ಎಂಬ ವೀರನ ದೋಣಿ, ರಕಿಯುರಾ ಆ ದೋಣಿಯ ಲಂಗರುಕಲ್ಲು. ಆ ದೋಣಿಯಲ್ಲಿ ಕೂತೇ ಅವನು ಉತ್ತರ ದ್ವೀಪವನ್ನು ಮೀನಿನಂತೆ ಗಾಳ ಹಾಕಿ ಎತ್ತಿದನಂತೆ. ಪರಶುರಾಮ ಕೊಡಲಿ ಬೀಸಿ ಕಡಲನ್ನು ಹಿಂದೆ ಸರಿಸಿದ ಕತೆ ಕೇಳಿ ಬೆಳೆದ ನಮಗೆ ಇದು ಒಗ್ಗದ ಕತೆಯೇನಲ್ಲ. ಆ ಸರಪಳಿಯ ಕೊಂಡಿಯ ಕೆಳಗೆ ನುಸುಳಿಯೇ ಕಾಡಿಗೆ ಕಾಲಿಡಬೇಕು.

ಲೀ ಬೇಯಿಂದ ಹಟ್‌ಗೆ 8 ಕಿಲೋಮೀಟರು, ಮೂರು-ನಾಲ್ಕು ಗಂಟೆಯ ನಡಿಗೆ. ಹಾದಿ ಸಮುದ್ರದ ಕೈಬಿಡುವುದಿಲ್ಲ. ಏರಿದರೆ ಮರಗಳ ಸಂದಿಯಲ್ಲಿ ನೀಲಿ ಕಾಣುತ್ತದೆ, ಇಳಿದರೆ ಮರಳು ಸಿಗುತ್ತದೆ. ಆದರೆ ಈ ಕಾಡು ನಮ್ಮ ಕರಾವಳಿಯ ಕಾಡಿನಂತೆ ಬಿಸಿಲಿಗೆ ಬೇಯುವ ಕಾಡಲ್ಲ. ನಮ್ಮಲ್ಲಿ ಮಳೆ ನಾಲ್ಕು ತಿಂಗಳಲ್ಲಿ ಹೊಯ್ದು ಮುಗಿಯುತ್ತದೆ. ಇಲ್ಲಿ ವರ್ಷವಿಡೀ ಸ್ವಲ್ಪ ಸ್ವಲ್ಪವೇ ಬೀಳುತ್ತಿರುತ್ತದೆ. ಹಾಗಾಗಿ ಕಲ್ಲು, ಬೊಡ್ಡೆ, ಬಿದ್ದ ಮರ ಎಲ್ಲದರ ಮೇಲೂ ಹಾವಸೆ, ಅದರ ಮೇಲೆ ಜರೀಗಿಡ, ಅದರ ಮೇಲೆ ಇನ್ನೊಂದು ಮರದ ಸಸಿ. ಎತ್ತರದ ಮರ ರಿಮು. ಎಲೆ ಜೋಲುಬಿದ್ದು ಇಳಿದಿರುತ್ತದೆ, ಕೈಯಲ್ಲಿ ಹಿಡಿದರೆ ಒರಟು. ಅದರ ಬುಡದಲ್ಲಿ ಕಾಮಹಿ ಎಂಬ ಮರ, ಮರಜರಿ. ರಿಮು ಪೋಡೋಕಾರ್ಪ್ ಎಂಬ ಪ್ರಾಚೀನ ಕುಟುಂಬದ್ದು. ದಕ್ಷಿಣದ ನೆಲಗಳೆಲ್ಲ ಗೊಂಡ್ವಾನ ಎಂಬ ಒಂದೇ ಭೂಖಂಡವಾಗಿದ್ದ ಕಾಲದ ಬಳಗ ಅದು. ಅದೇ ಬಳಗದ ಒಂದು ಮರ ಪಶ್ಚಿಮ ಘಟ್ಟದ ದಕ್ಷಿಣ ಭಾಗದಲ್ಲಿ ಇಂದಿಗೂ ಉಳಿದಿದೆ. ನೀನು ಗಿಡಮರದವನು, ನಿನಗೆ ಖುಷಿಯಾಗುತ್ತದೆಂದು ಬರೆದೆ.

ಇಲ್ಲಿ ಹಾವಿಲ್ಲ. ಉಂಬಳ ಒಂದೂ ಕಾಲಿಗೆ ಹತ್ತಲಿಲ್ಲ. ಹುಲಿ, ಚಿರತೆ, ಕಾಡುಕೋಣ ಯಾವುದೂ ಇಲ್ಲ. ಬಾವಲಿ ಬಿಟ್ಟರೆ ಈ ದೇಶದ ನೆಲದ ಮೇಲೆ ಮೂಲದಿಂದ ಇದ್ದ ಸಸ್ತನಿಯೇ ಇಲ್ಲ. ಹಾಗಾಗಿ ಕಾಡು ಪೂರ್ತಿ ಹಕ್ಕಿಗಳದ್ದು. ಕೊರಿಮಾಕೊ ಗಂಟೆ ಬಾರಿಸಿದ ಸ್ವರದಲ್ಲಿ ಕೂಗುತ್ತದೆ. ಪಿವಾಕವಾಕ ಎಂಬ ಬಾಲ ಬಿಚ್ಚುವ ಪುಟ್ಟ ಹಕ್ಕಿ, ನಾವು ನಡೆಯುವಾಗ ಮೇಲೇಳುವ ಹುಳ ಹಿಡಿಯಲು ಬೆನ್ನಿಗೇ ಬರುತ್ತದೆ. ಆದರೆ ಈ ಚಂದದ ಹಿಂದೆ ದೊಡ್ಡ ನೋವೂ ಇದೆ. ಜನ ತಂದು ಬಿಟ್ಟ ಇಲಿ, ಬೆಕ್ಕು, ಮರ ಹತ್ತುವ ಪ್ರಾಣಿ ಪೊಸಮ್‌ಗಳು, ಓಡಲು ಹಾರಲು ಕಲಿಯದ ಹಕ್ಕಿಗಳನ್ನು ತಿಂದು ಹಾಕಿವೆ. ಹಾರಲಾರದ ದೊಡ್ಡ ಗಿಳಿ ಕಾಕಾಪೊ ಇನ್ನೇನು ಮುಗಿಯಿತು ಅಂದುಕೊಂಡಿದ್ದಾಗ 1977ರಲ್ಲಿ ಇದೇ ದ್ವೀಪದ ದಕ್ಷಿಣದಲ್ಲಿ ಒಂದು ಗುಂಪು ಸಿಕ್ಕಿತು. ಬೆಕ್ಕುಗಳು ಅವನ್ನೂ ಬಿಡದಿದ್ದಾಗ ಹಿಡಿದು ಬೇರೆ ದ್ವೀಪಗಳಿಗೆ ಸಾಗಿಸಬೇಕಾಯಿತು. ಈಗ ಹಾದಿಯ ಪಕ್ಕದಲ್ಲಿ ಅಲ್ಲಲ್ಲಿ ಮರದ ಪೆಟ್ಟಿಗೆಗಳು ಕಾಣುತ್ತವೆ, ಇಲಿಬೋನುಗಳು. ಎಷ್ಟೋ ಬೋನುಗಳನ್ನು ಊರಿನವರೇ ಸರದಿಯಲ್ಲಿ ಬಂದು ನೋಡಿ ಹೋಗುತ್ತಾರೆ. ಇದನ್ನು ನೆನಪಿಟ್ಟುಕೋ, ನಿನ್ನ ಪ್ರಶ್ನೆಗೂ ಇದಕ್ಕೂ ಸಂಬಂಧವಿದೆ.

ಅರ್ಧ ದಾರಿಗೆ ಮಾವೊರಿ ಬೀಚ್. ಹೊನ್ನಿನ ಬಣ್ಣದ ಉದ್ದನೆಯ ಮರಳದಂಡೆ. ಮರಳಿನಿಂದ ಸ್ವಲ್ಪ ಒಳಗೆ ಹೋದರೆ ಕಾಡಿನ ನಡುವೆ ತುಕ್ಕು ಹಿಡಿದ ಹಬೆ ಬಾಯ್ಲರು ನಿಂತಿದೆ. 1913ರಿಂದ 1931ರವರೆಗೆ ಅಲ್ಲಿ ಗರಗಸದ ಮಿಲ್ಲು ಇತ್ತು, ರಿಮು ಕೊಯ್ದು ಸಾಗಿಸುತ್ತಿದ್ದರು. ಈಗ ಆ ಕಬ್ಬಿಣದ ಸುತ್ತ ಎಳೆ ಕಾಡು ಎದ್ದುನಿಂತಿದೆ. ದಾಂಡೇಲಿಯ ಕಡೆ ಮರದ ಡಿಪೋ ನೋಡಿ ಬೆಳೆದ ನಾನು ಆ ಬಾಯ್ಲರಿನ ಮುಂದೆ ತುಂಬ ಹೊತ್ತು ನಿಂತೆ. ತೊಂಬತ್ತು ವರ್ಷದಲ್ಲಿ ಕಾಡು ಇಷ್ಟು ವಾಪಸು ಬಂದಿದೆ ಎಂಬುದು ಸಂತೋಷ. ಕಡಿಯದೇ ಉಳಿದ ಜಾಗದ ರಿಮುವಿನ ದಪ್ಪ ಇಲ್ಲಿಯದಕ್ಕೆ ಇನ್ನೂ ಬಂದಿಲ್ಲ ಎಂಬುದೂ ಅಷ್ಟೇ ನಿಜ.

ದಂಡೆ ಮುಗಿದಲ್ಲಿ ತೂಗುಸೇತುವೆ, ಆಮೇಲೆ ಒಂದು ಗುಡ್ಡದ ಏರು. ಮೇಲೆ ದಾರಿ ಕವಲೊಡೆಯುತ್ತದೆ. ಬಲಕ್ಕೆ ಇಳಿದರೆ ಪೋರ್ಟ್ ವಿಲಿಯಂ. ಇಳಿಯುತ್ತಿದ್ದಂತೆ ಈ ಕಾಡಿಗೆ ಸೇರದ ಭಾರೀ ನೀಲಗಿರಿ ಮರಗಳು ಕಾಣಿಸಿದವು. 1870ರ ದಶಕದಲ್ಲಿ ಸರ್ಕಾರ ಸ್ಕಾಟ್ಲೆಂಡಿನ ಉತ್ತರದ ಶೆಟ್‌ಲೆಂಡ್ ದ್ವೀಪಗಳಿಂದ ಕುಟುಂಬಗಳನ್ನು ತಂದು ಇಲ್ಲಿ ಊರು ಕಟ್ಟಿಸಲು ನೋಡಿತ್ತು. ಮಳೆ, ಒಂಟಿತನ, ಕಡಿದಷ್ಟೂ ಮುಗಿಯದ ಕಾಡು. ಜನ ಹೆಚ್ಚು ಕಾಲ ನಿಲ್ಲಲಿಲ್ಲ. ಮರಗಳು ನಿಂತಿವೆ.

ಈಗ ಹಟ್‌ಗೆ ಬರುತ್ತೇನೆ. ಸಮುದ್ರಕ್ಕೆ ಮುಖ ಮಾಡಿದ ಮರದ ಕಟ್ಟಡ, ಮುಂದೆ ಜಗಲಿ. ಒಳಗೆ ಉದ್ದನೆಯ ಮೇಜು, ಬೆಂಚು, ಸೌದೆ ಒಲೆ, ಗೋಡೆಯ ಪಕ್ಕ ಮಲಗುವ ಬಂಕ್‌ಗಳು, 24 ಜನಕ್ಕೆ ಹಾಸಿಗೆ. ಮಾಡಿನ ಮೇಲೆ ಬಿದ್ದ ಮಳೆನೀರೇ ಟ್ಯಾಂಕಿಗೆ, ಅಲ್ಲಿಂದ ನಲ್ಲಿಗೆ. ಶೌಚಾಲಯ ಹೊರಗೆ. ಕರೆಂಟಿಲ್ಲ. ಒಲೆ ಇರುವುದು ಬೆಚ್ಚಗಿರಲು. ಅಡುಗೆಗೆ ಗ್ಯಾಸ್ ಸ್ಟೌವ್, ಪಾತ್ರೆ ಎಲ್ಲ ನಾವೇ ಹೊತ್ತು ತರಬೇಕು. ನಾವು ಮನೆಯಲ್ಲೇ ರವೆ ಹುರಿದು, ಒಗ್ಗರಣೆ ಹಾಕಿ, ಉಪ್ಪು ಬೆರೆಸಿ ಕಟ್ಟಿಕೊಂಡು ಹೋಗಿದ್ದೆವು. ಬಿಸಿನೀರು ಸುರಿದರೆ ಉಪ್ಪಿಟ್ಟು. ಬೆಳಿಗ್ಗೆಗೆ ಗೊಜ್ಜವಲಕ್ಕಿ. ಬೆನ್ನಿನ ಮೇಲೆ ಹೊರುವವನಿಗೆ ಅವಲಕ್ಕಿಯಷ್ಟು ಒಳ್ಳೆಯ ಊಟ ಜಗತ್ತಿನಲ್ಲಿ ಇನ್ನೊಂದಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಪಕ್ಕದಲ್ಲಿ ಕೂತಿದ್ದ ಜರ್ಮನಿಯ ಹುಡುಗಿಯೊಬ್ಬಳು ಪರಿಮಳಕ್ಕೆ ತಿರುಗಿ ನೋಡಿದಳು. ಮಗಳು ಒಂದು ಬಟ್ಟಲು ಕೊಟ್ಟಳು, ಅವಳು ಒಣದ್ರಾಕ್ಷಿ ಕೊಟ್ಟಳು.

ಬೀಗ ಇಲ್ಲ. ಈ ಹಾದಿಯ ಹಟ್‌ಗಳಲ್ಲಿ ಮುಂಚೆಯೇ ಹಾಸಿಗೆ ಕಾದಿರಿಸಿ ದುಡ್ಡು ಕಟ್ಟಿರಬೇಕು, ಅದು ಸರಿ. ರೇಂಜರ್ ಬಂದು ನೋಡಿ ಹೋಗುವುದೂ ಉಂಟು. ನಾವಿದ್ದ ರಾತ್ರಿ ಯಾರೂ ಬರಲಿಲ್ಲ. ಆದರೂ ಎಲ್ಲ ತಂತಾನೇ ನಡೆಯಿತು. ಒಳಬರುವ ಮೊದಲು ಕೆಸರಿನ ಬೂಟು ಜಗಲಿಯಲ್ಲಿ ಬಿಟ್ಟರು. ಒದ್ದೆ ಬಟ್ಟೆ ಒಲೆಯ ಮೇಲಿನ ಹಗ್ಗದಲ್ಲಿ ಒತ್ತೊತ್ತಾಗಿ ಜಾಗ ಮಾಡಿಕೊಂಡಿತು. ಕತ್ತಲಾದ ಮೇಲೆ ಸ್ವರ ಇಳಿಯಿತು. ಬೆಳಿಗ್ಗೆ ಮೊದಲು ಹೊರಡುವವರು ಚೀಲವನ್ನು ಹೊರಗೆ ಒಯ್ದು ಕಟ್ಟಿಕೊಂಡರು, ಮಲಗಿದವರಿಗೆ ಎಚ್ಚರವಾಗದಿರಲಿ ಎಂದು. ಕಸದ ಡಬ್ಬಿಯೇ ಇಲ್ಲ. ತಂದದ್ದನ್ನು ಚಹಾದ ಪೊಟ್ಟಣ ಸಮೇತ ವಾಪಸು ಒಯ್ಯಬೇಕು.

ಇನ್‌ವರ್‌ಕಾರ್ಗಿಲ್ ಕಡೆಯ ಹಿರಿಯರೊಬ್ಬರಿದ್ದರು. ಬೆಳಿಗ್ಗೆ ಎಲ್ಲರ ತಿಂಡಿ ಆಗುವ ಹೊತ್ತಿಗೆ ಅವರು ಕೊಡಲಿ ಹಿಡಿದು ಸಣ್ಣ ಚಕ್ಕೆ ಸೀಳುತ್ತಿದ್ದರು. ಅವರು ಇನ್ನೊಂದು ರಾತ್ರಿ ಅಲ್ಲಿ ಉಳಿಯುವವರಲ್ಲ, ಮುಂದಿನ ಹಟ್‌ಗೆ ಹೊರಟವರು. ನೆನೆದು ನಡುಗುತ್ತ ಬರುವವರಿಗೆ ಬಂದ ಕೂಡಲೇ ಬೆಂಕಿ ಹೊತ್ತಬೇಕು, ಅದಕ್ಕೆ ಒಣಚಕ್ಕೆ ಒಳಗಿರಬೇಕು ಅಂದರು. ಅವರಿಗೆ ಇದನ್ನು ಕಲಿಸಿದ್ದು ಅವರ ಅಪ್ಪ. ಹಿಂದಿನ ಸಂಜೆ ನಾವು ಹೊತ್ತಿಸಿದ್ದೂ ಯಾರೋ ಸೀಳಿಟ್ಟ ಚಕ್ಕೆಯೇ. ಮಗಳು ಏನೂ ಮಾತಾಡದೆ ಹೋಗಿ ಅವರು ಸೀಳಿದ್ದನ್ನು ಆರಿಸಿ ಒಲೆಯ ಪಕ್ಕದ ಪೆಟ್ಟಿಗೆಗೆ ತುಂಬತೊಡಗಿದಳು. ನಾನು ಪೊರಕೆ ಹಿಡಿದೆ. ನಿನ್ನ ಪ್ರಶ್ನೆಗೆ ನನ್ನ ಉತ್ತರ ಇದು ಕಣೋ: ಹಟ್ಟನ್ನು ನೋಡಿಕೊಳ್ಳುವವರು ನಿನ್ನೆ ರಾತ್ರಿ ಅಲ್ಲಿ ಮಲಗಿದ್ದವರು.

ಇದು ಒಂದು ದಿನದಲ್ಲಿ ಬಂದ ರೂಢಿಯಲ್ಲ. ಈ ದೇಶದಲ್ಲಿ ಸಂರಕ್ಷಣಾ ಇಲಾಖೆಯ ಕೈಯಲ್ಲಿ 950ಕ್ಕೂ ಹೆಚ್ಚು ಇಂಥ ಮನೆಗಳಿವೆ. ಎಷ್ಟೋ ಮನೆಗಳನ್ನು ಕಟ್ಟಿದ್ದು ಪ್ರವಾಸಿಗರಿಗೆಂದು ಅಲ್ಲವೇ ಅಲ್ಲ. ಹೊರಗಿನಿಂದ ತಂದ ಜಿಂಕೆಗಳು ಕಾಡನ್ನು ಮೇಯ್ದು ಬೋಳು ಮಾಡತೊಡಗಿದಾಗ ಸರ್ಕಾರ ಸಂಬಳ ಕೊಟ್ಟು ಬೇಟೆಗಾರರನ್ನು ಒಳಗೆ ಕಳಿಸಿತು, ಅವರಿಗೆ ಮಳೆಯಲ್ಲಿ ತಂಗಲು ಅರಣ್ಯ ಇಲಾಖೆ 1950ರ ದಶಕದಿಂದೀಚೆಗೆ ನೂರಾರು ಹಟ್ ಕಟ್ಟಿತು. ಚಾರಣ ಕ್ಲಬ್‌ಗಳು ತಾವೇ ಹಲಗೆ ಹೊತ್ತು ಕೆಲವನ್ನು ಕಟ್ಟಿದವು. 1987ರಲ್ಲಿ ಸಂರಕ್ಷಣಾ ಇಲಾಖೆ ಹುಟ್ಟಿದಾಗ ಇವೆಲ್ಲ ಅದರ ಪಾಲಿಗೆ ಬಂದವು. ಎಲ್ಲವನ್ನೂ ದುರಸ್ತಿ ಮಾಡಲು ಇಲಾಖೆಗೆ ಕೈ ಸಾಲದು. ದೂರದ ಹಳೆಯ ಹಟ್‌ಗಳಿಗೆ ಈಗ ಬೇಟೆಗಾರರು, ಚಾರಣಿಗರು ತಾವೇ ತಂಡ ಕಟ್ಟಿಕೊಂಡು ಹೋಗಿ ಮಾಡು ಹೊದಿಸಿ, ಬಣ್ಣ ಬಳಿದು ಬರುತ್ತಾರೆ. ಬ್ಯಾಕ್‌ಕಂಟ್ರಿ ಟ್ರಸ್ಟ್ ಅಂತ ಒಂದು ಸಂಸ್ಥೆ ಇದಕ್ಕೆ ಹಣ ಹೊಂದಿಸುತ್ತದೆ.

ಮೇಜಿನ ಮೇಲೆ ಒಂದು ದಪ್ಪ ಪುಸ್ತಕ ಇರುತ್ತದೆ. ಬಂದವರು ಹೆಸರು, ಎಲ್ಲಿಂದ ಬಂದೆವು, ಮುಂದೆ ಎಲ್ಲಿಗೆ, ಹವೆ ಹೇಗಿದೆ ಎಲ್ಲ ಬರೆಯಬೇಕು. ಉಳಿಯದೆ ಬರೀ ಹಾದುಹೋಗುವವರೂ ಬರೆಯುತ್ತಾರೆ. ಯಾರಾದರೂ ಕಾಣೆಯಾದರೆ ಹುಡುಕುವವರು ಮೊದಲು ತೆರೆಯುವುದು ಈ ಪುಸ್ತಕಗಳನ್ನು. ನಿನ್ನ ಸೂರಿಗೆ ಬಾಗಿಲು ಹಚ್ಚುವ ಮೊದಲು ಇಂಥ ಒಂದು ಪುಸ್ತಕ ತಂದಿಡು ಅನ್ನುತ್ತೇನೆ. ತಾನು ಬಂದದ್ದು ಬರೆದಿಟ್ಟವನಿಗೆ ಆ ಜಾಗದ ಮೇಲೆ ಒಂದು ಹೊಣೆ ಹುಟ್ಟುತ್ತದೆ.

ರಾತ್ರಿಯ ವಿಷಯ ಹೇಳದಿದ್ದರೆ ಮಗಳು ನನ್ನನ್ನು ಬಿಡುವುದಿಲ್ಲ. ಅವಳು ಬಂದದ್ದೇ ಕಿವಿ ಎಂಬ ಹಾರಲಾರದ ಹಕ್ಕಿಯನ್ನು ನೋಡಲು. ದ್ವೀಪದಲ್ಲಿ ಮನುಷ್ಯರು ನೂರರ ಲೆಕ್ಕದಲ್ಲಿದ್ದರೆ ಕಿವಿಗಳು ಸಾವಿರಗಳ ಲೆಕ್ಕದಲ್ಲಿವೆ. ಇಲ್ಲಿಯ ಜಾತಿಗೆ ಟೊಕೊಯೆಕ ಅನ್ನುತ್ತಾರೆ. ಉಳಿದ ಕಡೆ ಕಿವಿ ಕಟ್ಟಾ ನಿಶಾಚರ, ಇಲ್ಲಿ ಒಮ್ಮೊಮ್ಮೆ ಹಗಲಲ್ಲೂ ಓಡಾಡುತ್ತದೆ. ಕಿವಿಯ ಮರಿಗಳನ್ನು ಕೊಲ್ಲುವ ಸ್ಟೋಟ್ ಎಂಬ ಮುಂಗುಸಿಯಂಥ ಪ್ರಾಣಿ ಈ ದ್ವೀಪಕ್ಕೆ ಇನ್ನೂ ಬಂದಿಲ್ಲ, ಅವು ಇಷ್ಟು ಉಳಿಯಲು ಅದೇ ದೊಡ್ಡ ಕಾರಣ. ಕತ್ತಲಾಗಿ ಸ್ವಲ್ಪ ಹೊತ್ತಿಗೆ ಗುಡ್ಡದ ಕಡೆಯಿಂದ ಗಂಡಿನ ಕೂಗು ಬಂತು, ಮೇಲಕ್ಕೇರುವ ಚೂಪಾದ ಸಿಳ್ಳೆ, ಮತ್ತೆ ಮತ್ತೆ. ಅದಕ್ಕೆ ಹೆಣ್ಣಿನ ಗೊಗ್ಗರು ದನಿಯ ಉತ್ತರ. ಹಟ್ಟಿನಲ್ಲಿದ್ದವರೆಲ್ಲ ಚಮಚ ಕೆಳಗಿಟ್ಟು ಕೇಳಿದರು.

ನಸುಕಿಗೆ ಮುಂಚೆ ಮಗಳು ನನ್ನನ್ನು ಎಬ್ಬಿಸಿದಳು. ಬಿಳಿ ಬೆಳಕು ಕಿವಿಯ ಕಣ್ಣಿಗೆ ಆಗದು ಅಂತ ಟಾರ್ಚನ್ನು ಕೆಂಪಿಗೆ ತಿರುಗಿಸಿಕೊಂಡು ಜಗಲಿಗೆ ಬಂದೆವು. ಮೋಡ ಚದುರಿತ್ತು. 2019ರಿಂದ ರಕಿಯುರಾ ಅಂತರರಾಷ್ಟ್ರೀಯ ಮನ್ನಣೆಯ ಗಾಢ ಕತ್ತಲ ಆಕಾಶಧಾಮ. ದೀಪವೇ ಇಲ್ಲದ ಕಡೆ ಆಕಾಶಗಂಗೆ ಹೇಗಿರುತ್ತದೆಂದು ಅಲ್ಲಿ ನೋಡಬೇಕು. ಅದರ ಪಕ್ಕ ಎರಡು ಬಿಳಿ ತುಣುಕು, ಮೆಗೆಲನ್ ಮೇಘಗಳು. ಕುಮಟೆಯ ದಂಡೆಯಿಂದ ಇವು ಸರಿಯಾಗಿ ಕಾಣುವುದಿಲ್ಲ. ನಾನು ಮೇಲೆ ನೋಡುತ್ತಿದ್ದೆ, ಮಗಳು ನನ್ನ ತೋಳು ಹಿಡಿದು ಕೆಳಗೆ ತೋರಿಸಿದಳು. ಹುಲ್ಲಿನ ಅಂಚಿನಲ್ಲಿ ಸುಮಾರು ಕೋಳಿ ಗಾತ್ರದ ಕಂದು ಗುಂಡೊಂದು ಚಲಿಸುತ್ತಿತ್ತು. ಕೋಲೂರಿಕೊಂಡು ಹಾದಿ ತಡವುವ ಅಜ್ಜನ ಹಾಗೆ ಉದ್ದ ಕೊಕ್ಕಿನಿಂದ ನೆಲ ಕುಟ್ಟುತ್ತ ಬಂತು. ಕಿವಿಯ ಮೂಗಿನ ಹೊಳ್ಳೆ ಇರುವುದು ಕೊಕ್ಕಿನ ತುದಿಯಲ್ಲಿ. ಮಣ್ಣೊಳಗೆ ಚುಚ್ಚಿ ವಾಸನೆ ಹಿಡಿಯುತ್ತದೆ, ಮಣ್ಣು ಹೊಕ್ಕಾಗ ಸೀನಿ ಹೊರದೂಡುತ್ತದೆ. ಆ ಸೀನಿನ ಸದ್ದು ನಮಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಎರೆಹುಳ ಒಂದನ್ನು ಎಳೆದು ನುಂಗಿ, ನಮ್ಮ ಕಡೆ ಲಕ್ಷ್ಯವೇ ಕೊಡದೆ ಜರೀಗಿಡದೊಳಗೆ ಹೋಯಿತು. ಮಗಳು ಅಲ್ಲಿಯವರೆಗೆ ಉಸಿರು ಬಿಟ್ಟಿದ್ದಳೋ ಇಲ್ಲವೋ. ಪುಸ್ತಕದಲ್ಲಿ ಅವಳೇ ಬರೆದಳು, ಕನ್ನಡದಲ್ಲಿ: "ಕಿವಿ ಬಂದಿತ್ತು. ಸೀನಿತು."

ಇನ್ನು ನಮ್ಮ ಕಡೆಯ ಮಾತು. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಕಾಲಿಡಲು ಜಾಗವಿಲ್ಲದಂತೆ ಜನ ನೆರೆದ ಚಿತ್ರ ನೀನೂ ನೋಡಿದ್ದೆ. ಆಮೇಲೆ ಅರಣ್ಯ ಇಲಾಖೆ ಚಾರಣ ನಿಲ್ಲಿಸಿ ಆನ್‌ಲೈನ್ ಬುಕಿಂಗ್ ತಂದದ್ದು ಒಳ್ಳೆಯದೇ. ಸಂಖ್ಯೆಗೆ ಮಿತಿ ಬೇಕು, ಇಲ್ಲಿಯೂ ಇದೆ. ಆದರೆ ಟಿಕೆಟ್ ಕೊಂಡವನು ಗಿರಾಕಿಯಾಗಿ ಬಂದರೆ ಸೌದೆ ಸೀಳುವುದಿಲ್ಲ. ಇನ್ನೊಂದು ವ್ಯತ್ಯಾಸವನ್ನೂ ನೀನು ಮರೆಯಬಾರದು. ರಕಿಯುರಾದ ಹಾದಿಯಲ್ಲಿ ಊರುಗಳಿಲ್ಲ. ನಿನ್ನ ದಂಡೆಯಲ್ಲಿ ಮೀನುಗಾರರ ಕೇರಿಗಳಿವೆ, ಹಾಲಕ್ಕಿಗಳ ಕೊಪ್ಪಗಳಿವೆ, ಅಘನಾಶಿನಿ ದಾಟಿಸುವ ದೋಣಿಯವರಿದ್ದಾರೆ. ಇಲ್ಲಿಯೂ ಹೊರಗಿನವರು ಎಲ್ಲೆಂದರಲ್ಲಿ ಹೋಗುವಂತಿಲ್ಲ. ಸುತ್ತಲ ಸಣ್ಣ ದ್ವೀಪಗಳಲ್ಲಿ ಟೀಟಿ ಎಂಬ ಕಡಲಹಕ್ಕಿಯ ಮರಿ ಹಿಡಿಯುವ ಹಕ್ಕು ರಕಿಯುರಾ ಮಾವೊರಿಗಳದ್ದು ಮಾತ್ರ. ಏಪ್ರಿಲ್ 1ರಿಂದ ಮೇ ಕೊನೆಯವರೆಗೆ ಕುಟುಂಬ ಸಮೇತ ಅಲ್ಲಿ ಹೋಗಿ ಉಳಿಯುತ್ತಾರೆ. ಬಂಡೆಗೆ ಅಂಟಿ ಬೆಳೆಯುವ ದೊಡ್ಡ ಕಡಲಪಾಚಿಯನ್ನು ಚೀಲ ಮಾಡಿ ಅದರಲ್ಲಿ ಮಾಂಸ ಕಾಪಿಡುವ ಪದ್ಧತಿ ತಲೆಮಾರುಗಳಿಂದ ಬಂದಿದೆ. ಹಾಗೆ ನಿನ್ನ ದಂಡೆಯಲ್ಲೂ ಯಾವುದು ಯಾರದ್ದು ಎಂದು ಮೊದಲು ಕೇಳು. ಸೂರು ಎಲ್ಲಿ ಬರಬೇಕೆಂದು ಕೇರಿಯವರು ಹೇಳಲಿ.

ನಮಗೆ ಇದು ಹೊಸದು ಅಂತ ಯಾರಾದರೂ ಅಂದರೆ ಒಪ್ಪಬೇಡ. ಬಿಸಿಲುದಾರಿಯಲ್ಲಿ ಅರವಟ್ಟಿಗೆ ಇಟ್ಟವರು ನಾವು. ತಲೆಹೊರೆ ಇಳಿಸಿಕೊಳ್ಳಲಿ ಅಂತ ದಾರಿಬದಿಗೆ ಹೊರೆಗಲ್ಲು ನಿಲ್ಲಿಸಿದವರು ನಾವು. ನಿನ್ನ ಶಾಲೆಯ ಹಿಂದಿನ ದಾರಿಯಲ್ಲೇ ಒಂದು ಹೊರೆಗಲ್ಲು ಇತ್ತಲ್ಲ, ಈಗಲೂ ಇದೆಯೇ? ಅದರ ಹತ್ತಿರವೇ ಶುರುಮಾಡಿದರೆ ಹೇಗೆ? ಮೊದಲ ವರ್ಷ ಕಟ್ಟಡವೂ ಬೇಡ. ಒಂದು ಮಾಡು, ಒಂದು ನೀರಿನ ಟ್ಯಾಂಕು, ಒಂದು ಶೌಚಾಲಯ, ಒಂದು ಪುಸ್ತಕ, ಒಂದು ಪೊರಕೆ. ಕಸದ ಡಬ್ಬಿ ಮಾತ್ರ ಇಡಬೇಡ.

ನೀನು ಇಲ್ಲಿ ಬಂದು ಒಮ್ಮೆ ನೋಡಲೇಬೇಕು. ಫೆಬ್ರವರಿ ಅಥವಾ ಮಾರ್ಚು ಒಳ್ಳೆಯದು, ಹಾಸಿಗೆ ನಾನು ಬುಕ್ ಮಾಡುತ್ತೇನೆ. ಚಾರಣದ ಬೂಟನ್ನು ಅಡಿಯಲ್ಲಿ ಒಂದು ಚೂರು ಮಣ್ಣೂ ಇಲ್ಲದಂತೆ ತಿಕ್ಕಿ ತೊಳೆದು ತಾ, ವಿಮಾನ ನಿಲ್ದಾಣದಲ್ಲಿ ತೆಗೆಸಿ ನೋಡುತ್ತಾರೆ, ದೇಶದೊಳಗೆ ಬರುವಾಗ ತುಂಬುವ ಅರ್ಜಿಯಲ್ಲೂ ಬರೆಯಬೇಕು. ಹೊರಗಿನ ಒಂದು ಬೀಜ, ಒಂದು ಬೂಷ್ಟು ಈ ಕಾಡಿಗೆ ಏನು ಮಾಡಬಲ್ಲದೆಂದು ನಿನಗೆ ನಾನು ಹೇಳಬೇಕಿಲ್ಲ. ಅಮ್ಮ ಜೇನುತುಪ್ಪ ಕಟ್ಟಿಕೊಡಲು ಬಂದರೆ ಬೇಡ ಅನ್ನು, ಒಳಗೆ ಬಿಡುವುದೇ ಇಲ್ಲ. ಪುಸ್ತಕಕ್ಕೆ ಗೆರೆ ಹಾಕುವುದು ಹೇಗೆ, ಏನೇನು ಕಾಲಂ ಬೇಕು ಅಂತ ಮಗಳು ಒಂದು ಹಾಳೆಯಲ್ಲಿ ಬರೆದಿದ್ದಾಳೆ, ಈ ಪತ್ರದ ಜೊತೆ ಕಳಿಸುತ್ತಿದ್ದೇನೆ. ಮನೆಯಲ್ಲಿ ಎಲ್ಲರಿಗೂ ನನ್ನ ನೆನಪು ಹೇಳು. ಕೇರಿಯವರ ಜೊತೆ ಮಾತಾದ ಮೇಲೆ ಅವರು ಏನಂದರು ಅಂತ ಮರೆಯದೆ ಬರೆ.

ನಿನ್ನ,
ಹಳೆಯ ದಾರಿಗೆಳೆಯ